ದೌಹೃದಿನಿ

ಗರ್ಭಿಣಿಯನ್ನು ಎರಡು ಹೃದಯವುಳ್ಳವಳೆಂಬ ಅರ್ಥದಲ್ಲಿ ನಮ್ಮ ಆಯುರ್ವೇದಾಚಾರ್ಯರು ದೌಹೃದಿನಿಯೆಂದು ಕರೆದರು. ನಾಲ್ಕನೆಯ ತಿಂಗಳಲ್ಲಿ ಶಿಶುವಿನ ಹೃದಯವು ವ್ಯಕ್ತವಾಗುವುದೆಂದೂ, ತಾಯಿಯ ಬಯಕೆಗಳಲ್ಲಿ ನುಡಿಯುವುದು ಆ ಎರಡನೆಯ ಹೃದಯವೆಂದೂ ಸುಶ್ರುತನ ಮತ. ಕೋಲಾರದ ವೇಮಗಲ್ಲಿನ ಕಡೆ ಬಸುರಿಯೊಬ್ಬಳು ಹುಳಿಮಾವಿಗೆ ಆಸೆಪಟ್ಟರೆ, ಸುಶ್ರುತನನ್ನೋದದ ಅಜ್ಜಿಗೂ ಅದು ಒಳಗಿರುವ ಕೂಸಿನ ಬಯಕೆಯೇ. ಗರ್ಭೋಪನಿಷತ್ತಾದರೋ ಜೀವಸಂಯೋಗವನ್ನು ಏಳನೆಯ ತಿಂಗಳಿಗೆ ಇಡುತ್ತದೆ. ಇಂದಿನ ವೈದ್ಯಶಾಸ್ತ್ರದಂತೆ ಹೃದಯ ಆರನೆಯ ವಾರದ ಹೊತ್ತಿಗೇ ಮಿಡಿಯತೊಡಗಿರುತ್ತದೆ. ಹಾಗಾದರೆ ಅಷ್ಟು ಕಾಲ ಮಿಡಿದುದು ಯಾರ ಹೃದಯ?

ಆ ಎರಡನೆಯ ಹೃದಯವನ್ನು ಹೊರಗಿನಿಂದ ಆಲಿಸುವುದು ಸುಲಭವಲ್ಲ. ಶಿಶುವಿನದು ನಿಮಿಷಕ್ಕೆ 110ರಿಂದ 160 ಮಿಡಿತ. ತಾಯಿಯದು ಅದಕ್ಕಿಂತ ಮಂದ, ಆದರೆ ಉದರಕ್ಕೆ ಅಂಟಿಸಿದ ವಿದ್ಯುದಗ್ರಗಳಲ್ಲಿ ಬಹು ಪ್ರಬಲ. ಕೋಲಾರದ ಚಿನ್ನದ ಗಣಿಯಲ್ಲಿ 1965ರಲ್ಲಿ ನ್ಯೂಟ್ರಿನೊಗಳ ಸುಳಿವು ಹಿಡಿದ ವಿಜ್ಞಾನಿಗಳು, ವಿಶ್ವಕಿರಣಗಳ ಗದ್ದಲದಿಂದ ಪಾರಾಗಲು ನೆಲದೊಳಕ್ಕೆ ಎರಡು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದಿದ್ದರು. ಇಲ್ಲಿ ಹಾಗೆ ಇಳಿದು ಹೋಗಲು ಎಡೆಯಿಲ್ಲ, ಗದ್ದಲವೇ ತಾಯಿ. ಆದುದರಿಂದ ಅಮೆರಿಕದ ಇಂಜಿನಿಯರ್ ವಿಡ್ರೋ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ವಿಧಾನವು, ಎದೆಯಿಂದ ತಾಯಿಯ ಮಿಡಿತವನ್ನು ಪ್ರತ್ಯೇಕವಾಗಿ ಪಡೆದು, ಉದರದ ಮಿಶ್ರಸಂಕೇತಕ್ಕೆ ಅದನ್ನು ಕ್ಷಣಕ್ಷಣವೂ ಹೊಂದಿಸುತ್ತ ಕಳೆಯುತ್ತದೆ, ಉಳಿದುದು ಶಿಶು.

ಇದೂ ‘ಇದಲ್ಲ, ಇದಲ್ಲ’ ಎಂದು ಕಳೆಯುತ್ತ ಹೋಗುವ ವೇದಾಂತದ ನೇತಿ ನೇತಿಯ ಮಾರ್ಗವಲ್ಲವೇ ಎಂದು ಮೊದಲು ಹಿಗ್ಗಿದೆನು. ಆದರೆ ವೇದಾಂತಿಯು ನಿರಾಕರಿಸುವುದು ಉಪಾಧಿಯನ್ನು, ಆತ್ಮಕ್ಕೆ ಅಂಟಿದಂತೆ ತೋರುವ ಹೊರಗಿನದನ್ನು. ಇಲ್ಲಿ ಕಳೆಯಲ್ಪಡುವುದು ಆ ಶಿಶುವಿಗೆ ಅನ್ನವನ್ನೂ ಪ್ರಾಣವಾಯುವನ್ನೂ ಈಯುತ್ತಿರುವ ಹೃದಯ. ಅದನ್ನು ಉಪಾಧಿಯೆನ್ನಲು ನನಗೆ ಧೈರ್ಯ ಸಾಲದು.