ಅಳಿಸದ ಗುರುತುಗಳು

ಶ್ರೀರಂಗಪಟ್ಟಣವನ್ನು ನೀವು ನೋಡಿರಬಹುದು. ಗಂಗ, ಹೊಯ್ಸಳ, ವಿಜಯನಗರದ ಕಾಲಗಳ ಮುದ್ರೆ ಹೊತ್ತ ರಂಗನಾಥಸ್ವಾಮಿ ದೇಗುಲ, ಟಿಪ್ಪು ಸುಲ್ತಾನನು ಕಟ್ಟಿಸಿದ ಮಸೀದಿ ಹಾಗೂ ಗುಂಬಜ್, 1799ರ ಕಾಳಗದಲ್ಲಿ ಮಡಿದ ಬ್ರಿಟಿಷರ ಸ್ಮಾರಕಸ್ತಂಭ, ಚದುರಿದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಿದ ಫಾದರ್ ದ್ಯುಬುವಾ ಅವರನ್ನು ನೆನಪಿಸುವ ಗಂಜಾಮಿನ ಚರ್ಚು, ಎಲ್ಲವೂ ಒಂದೇ ದ್ವೀಪದಲ್ಲಿ ನಿಂತಿವೆ.

1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಸಾವಿರಾರು ಕಥೋಲಿಕರನ್ನು ಸೆರೆಹಿಡಿದು ಇದೇ ಊರಿಗೆ ಕರೆತರಲಾಯಿತು. ಅನೇಕರು ದಾರಿಯಲ್ಲೇ ಅಸುನೀಗಿದರು. ಹಾಗಿರುವಾಗ ಆತನ ಕುರುಹುಗಳನ್ನೂ ಕಾಪಾಡಬೇಕೆ ಎಂದು ಅವರ ಸಂತತಿಯವರು ಕೇಳಿದರೆ ಅದು ಸಹಜ.

ಆದರೆ ಕಾಪಾಡುವುದು ಕೊಂಡಾಡುವುದಲ್ಲ. ಕುರುಹನ್ನು ಅಳಿಸಿದರೆ ನಮ್ಮ ಹಿರಿಯರ ನೋವಿನ ಸಾಕ್ಷ್ಯವೂ ಅಳಿಯುತ್ತದೆ. ಒಬ್ಬರದನ್ನೇ ಮೆರೆಸಿದರೆ ಚರಿತ್ರೆ ಸುಳ್ಳಾಗುತ್ತದೆ. ಇಂದಿನ ನಮ್ಮ ಮುಸ್ಲಿಂ ನೆರೆಯವರು ಅಂದಿನ ಆಜ್ಞೆಗೆ ಹೊಣೆಗಾರರೂ ಅಲ್ಲ. ನಮ್ಮ ಕೈಗಳಾದರೂ ಶುದ್ಧವೇ? 2000ದ ಮಾರ್ಚ್ 12ರಂದು ಪೋಪ್ ಎರಡನೇ ಜಾನ್ ಪೌಲರು ಧರ್ಮಸಭೆಯ ಮಕ್ಕಳ ಪಾಪಗಳಿಗಾಗಿ ಬಹಿರಂಗವಾಗಿ ಕ್ಷಮೆ ಯಾಚಿಸಿದರು.

ಪುನರುತ್ಥಾನಗೊಂಡ ಪ್ರಭು ತಮ್ಮ ಗಾಯಗಳನ್ನು ಮರೆಮಾಡಲಿಲ್ಲ. ಅವನ್ನು ತೋರಿಸುತ್ತಲೇ ಶಿಷ್ಯರಿಗೆ ಶಾಂತಿ ಕೋರಿದರು. ನೀವೂ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ಯಿರಿ. ನಡೆದದ್ದನ್ನು ಮುಚ್ಚಿಡದೆ ತಿಳಿಸಿರಿ. ತಿಳಿಸುವ ದನಿಯಲ್ಲಿ ದ್ವೇಷವಿರದಂತೆ ಪ್ರಾರ್ಥಿಸಿರಿ.