ಚಳಿ ಬರುವ ಮೊದಲು

ಭಾನುವಾರದ ಆರಾಧನೆಯ ಸಂದೇಶ, ಡಿಸೆಂಬರ್ ಮೊದಲ ವಾರ, ಲಿಂಗಸುಗೂರು
ವಾಕ್ಯಭಾಗ: 2 ತಿಮೊಥೆಯನಿಗೆ 4:9-21, 1 ಕೊರಿಂಥದವರಿಗೆ 11:17-34, 2 ಕೊರಿಂಥದವರಿಗೆ 8

ಎಲ್ಲರೂ ಒಮ್ಮೆ ಬಾಯಿ ತೆರೆದು ಹೇಳ್ರಿ, ಹಲ್ಲೆಲೂಯಾ! ಇಲ್ಲಿ ಕೂತವರಿಗೂ, ಬೆಂಗಳೂರು, ಹೈದರಾಬಾದ್, ಪುಣೆಯ ರೂಮುಗಳಲ್ಲಿ ಫೋನ್ ಹಿಡಿದು ಇದನ್ನು ಓದುವ ನಮ್ಮ ಸಭೆಯ ತಮ್ಮ ತಂಗಿಯರಿಗೂ ಕರ್ತನ ಸಮಾಧಾನ ಇರಲಿ.

ಡಿಸೆಂಬರ್ ಬಂತು. ಸ್ಟಾರ್ ಕಟ್ಟೋದು, ಮನೆ ಮನೆಗೆ ಕ್ಯಾರೋಲ್ಸ್, ಸೆಮಿ ಕ್ರಿಸ್‌ಮಸ್, ಕ್ರಿಸ್‌ಮಸ್ ಆರಾಧನೆ, 31ರ ರಾತ್ರಿ ಆರಾಧನೆ. ಈ ತಿಂಗಳ ಕ್ಯಾಲೆಂಡರ್‌ನಲ್ಲಿ ಖಾಲಿ ಜಾಗವೇ ಇಲ್ಲ. ಇದರ ನಡುವೆ ಯೌವನಸ್ಥರ ಮುಂದೆ ಒಂದು ಪ್ರಶ್ನೆ ಇದೆ. ಸೇರಿಸಿದ ಹಣದಲ್ಲಿ ಸ್ಟೇಜು, ಸೌಂಡು, ಲೈಟಿಂಗ್ ದೊಡ್ಡದಾಗಿ ಮಾಡಬೇಕೋ, ಇಲ್ಲಾ ಬಡವರಿಗೆ ಕಂಬಳಿ ಹಂಚಬೇಕೋ? ವಾಟ್ಸಾಪ್ ಗ್ರೂಪಿನಲ್ಲಿ ಈ ಮಾತು ಬಹಳ ದಿನದಿಂದ ನಡೆದದ. ಇವತ್ತು ಗ್ರೂಪ್ ಪಕ್ಕಕ್ಕಿಡೋಣ, ಸತ್ಯವೇದ ತೆರೆಯೋಣ.

ಪೌಲನು ಬರೆದ ಕೊನೆಯ ಪತ್ರ ಯಾವುದು? 2 ತಿಮೊಥೆಯ. ಎಲ್ಲಿಂದ ಬರೆದ? ರೋಮಿನ ಸೆರೆಮನೆಯಿಂದ. ಮರಣ ಹತ್ತಿರ ಬಂದಿದೆ ಎಂದು ಅವನಿಗೆ ಗೊತ್ತು. ದೇಮನು ಬಿಟ್ಟು ಹೋಗಿದ್ದಾನೆ. ತ್ರೊಫಿಮನು ಕಾಯಿಲೆಯಿಂದ ಮಿಲೇತದಲ್ಲಿ ಉಳಿದಿದ್ದಾನೆ. ಜೊತೆಗಿರುವವನು ಲೂಕನೊಬ್ಬನೇ. ಇಷ್ಟು ದೊಡ್ಡ ಅಪೊಸ್ತಲ, ಮೂರನೆಯ ಆಕಾಶದ ದರ್ಶನ ಕಂಡವನು, ಕೊನೆಗೆ ಏನು ಕೇಳುತ್ತಾನೆ? ತ್ರೋವದಲ್ಲಿ ಕರ್ಪನ ಮನೆಯಲ್ಲಿ ಬಿಟ್ಟುಬಂದ ಒಂದು ಮೇಲಂಗಿ ತಂದುಕೊಡು ಎನ್ನುತ್ತಾನೆ. ಪುಸ್ತಕಗಳನ್ನೂ ಕೇಳುತ್ತಾನೆ, ಆದರೆ ಮೊದಲು ಕೇಳಿದ್ದು ಮೇಲಂಗಿ. 21ನೇ ವಚನದಲ್ಲಿ ಅವಸರವೂ ಇದೆ, ಚಳಿಗಾಲ ಬರುವುದರೊಳಗೆ ಬಂದುಬಿಡು ಎಂಬ ಅರ್ಥದಲ್ಲಿ ಬರೆಯುತ್ತಾನೆ.

ಯಾಕೆ ಅವಸರ? ಆ ಕಾಲದಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಮೆಡಿಟರೇನಿಯನ್ ಸಮುದ್ರದಲ್ಲಿ ಹಡಗು ಸಂಚಾರ ಬಹುತೇಕ ನಿಂತುಹೋಗುತ್ತಿತ್ತು. ಆ ಕೊನೆಯ ಹಡಗು ತಪ್ಪಿದರೆ ಮೇಲಂಗಿ ಬರುವುದು ಮುಂದಿನ ವರ್ಷಕ್ಕೆ. ಅಷ್ಟರಲ್ಲಿ ಚಳಿಯೂ ಮುಗಿದಿರುತ್ತದೆ, ಪೌಲನೂ ಇರುತ್ತಾನೋ ಇಲ್ಲವೋ. ಪ್ರಿಯರೇ, ಸಹಾಯಕ್ಕೆ ಒಂದು ಸಮಯ ಇರುತ್ತದೆ. ಚಳಿ ಹೋದ ಮೇಲೆ ಕೊಟ್ಟ ಕಂಬಳಿ ಪೆಟ್ಟಿಗೆಗೆ ಹೋಗುತ್ತದೆ, ಮೈಮೇಲೆ ಹೋಗುವುದಿಲ್ಲ.

ಇನ್ನೊಂದು ಮಾತು ಗಮನಿಸಿರಿ. ಪವಿತ್ರಾತ್ಮನಿಂದ ತುಂಬಿದವನಿಗೂ ಚಳಿ ಆಗುತ್ತದೆ. ಅಭಿಷೇಕ ಇದ್ದವನಿಗೂ ಹೊದಿಕೆ ಬೇಕು. ನಾವು ಪೆಂತೆಕೊಸ್ತಿನವರು ಪ್ರಾರ್ಥನೆಯಲ್ಲಿ ಗಟ್ಟಿ, ಸ್ತೋತ್ರ. ಆದರೆ ಯಾಕೋಬ 2:15-16 ಓದಿರಿ. ಬಟ್ಟೆಯಿಲ್ಲದ ಸಹೋದರನಿಗೆ ಬರೀ ಒಳ್ಳೆಯ ಮಾತು ಹೇಳಿ ಕಳಿಸಿದರೆ ಪ್ರಯೋಜನವೇನು ಎಂದು ಯಾಕೋಬನು ನೇರವಾಗಿ ಕೇಳುತ್ತಾನೆ. ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸುವಾಗ ಆ ಹೆಗಲು ನಡುಗುತ್ತಿದೆಯಾ ಎಂದು ನಮ್ಮ ಕೈಗೆ ಗೊತ್ತಾಗಬೇಕು. ಆಮೆನ್?

ಈಗ ನಮ್ಮ ಊರಿಗೆ ಬರೋಣ. ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ. ಲಿಂಗಸುಗೂರು, ಮಸ್ಕಿ ಸುತ್ತಲಿನ ಎಷ್ಟೋ ಊರುಗಳಲ್ಲಿ ಮಳೆ ನಂಬಿದ ತೊಗರಿ, ಜೋಳ, ಸಜ್ಜೆ, ಹತ್ತಿ. ನಮ್ಮ ತಾಲೂಕಿನ ಹಟ್ಟಿಯಲ್ಲಿ ನೆಲದೊಳಗಿಂದ ಚಿನ್ನ ತೆಗೆಯುತ್ತಾರೆ. ಅದೇ ತಾಲೂಕಿನ ಹಳ್ಳಿ, ತಾಂಡಾಗಳಿಂದ ಜನ ಕೂಲಿಗಾಗಿ ಗುಳೆ ಹೋಗುತ್ತಾರೆ. ದೀಪಾವಳಿ ಮುಗಿದ ಮೇಲೆ ಬೆಂಗಳೂರು, ಗೋವಾ, ಪುಣೆಯ ಬಿಲ್ಡಿಂಗ್ ಕೆಲಸಕ್ಕೆ ಹೋದವರು ಯುಗಾದಿ ಹೊತ್ತಿಗೆ ತಿರುಗಿ ಬರುತ್ತಾರೆ. ಹಾಗಾದರೆ ಡಿಸೆಂಬರ್‌ನಲ್ಲಿ ಊರಲ್ಲಿ ಉಳಿದವರು ಯಾರು? ಅಜ್ಜ, ಅಜ್ಜಿ, ಶಾಲೆಗೆ ಹೋಗುವ ಮೊಮ್ಮಕ್ಕಳು. ನಾವು ಕ್ಯಾರೋಲ್ಸ್ ಹಾಡಿಕೊಂಡು ಹೋಗುವ ಓಣಿಯಲ್ಲಿ ಎಷ್ಟು ಬಾಗಿಲಿಗೆ ಕೀಲಿ ಬಿದ್ದಿದೆ ಎಂದು ಈ ಸಲ ಎಣಿಸಿ ಬನ್ನಿರಿ. ಕೀಲಿ ಇಲ್ಲದ ಮನೆಯಲ್ಲಿ ಯಾರು ಮಲಗಿದ್ದಾರೆ ಎಂದು ನೋಡಿ ಬನ್ನಿರಿ. ಸರ್ವೆ ಮಾಡಲು ಬೇರೆ ದಿನ ಬೇಕಾಗಿಲ್ಲ.

ಇವತ್ತು ಮೂರು ಮಾತು ಹೇಳುತ್ತೇನೆ.

ಮೊದಲನೆಯದು, ಕೂಟದ ಊಟದ ಬಗ್ಗೆ.

1 ಕೊರಿಂಥ 11. ಪ್ರತಿ ತಿಂಗಳು ಕರ್ತನ ಭೋಜನದ ದಿನ ಇದನ್ನು ಓದುತ್ತೇವೆ. ಆದರೆ ಪೌಲನಿಗೆ ಸಿಟ್ಟು ಬಂದದ್ದು ಯಾಕೆ? ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲು ಬಂದು ತಿಂದು ಕುಡಿದು ಮುಗಿಸುತ್ತಿದ್ದರು. ಇಲ್ಲದವರು ಹಸಿದು ನಿಲ್ಲುತ್ತಿದ್ದರು. ಏನೂ ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಎಂದು ಕೇಳುತ್ತಾನೆ. ಕೊನೆಗೆ ಕೊಡುವ ಪರಿಹಾರ ಬಹಳ ಸಣ್ಣದು: 33ನೇ ವಚನ, ಒಬ್ಬರಿಗೊಬ್ಬರು ಕಾಯಿರಿ. ಅಷ್ಟೇ.

ನಮ್ಮಲ್ಲಿ ಇದು ಹೇಗೆ ಆಗುತ್ತದೆ ಹೇಳಲಾ? ಸೆಮಿ ಕ್ರಿಸ್‌ಮಸ್ ಸಂಜೆ 6ಕ್ಕೆ ಎಂದು ಕಾರ್ಡ್ ಹಾಕುತ್ತೇವೆ. ಈ ತಿಂಗಳು ಹತ್ತಿ ಬಿಡಿಸುವ ಹಂಗಾಮು. ನಮ್ಮ ತಾಯಂದಿರು ಬೆಳಿಗ್ಗೆ ಟಂಟಂ ಹತ್ತಿ ಹೊಲಕ್ಕೆ ಹೋದರೆ ಮನೆ ಸೇರುವುದೇ ಕತ್ತಲಾದ ಮೇಲೆ. ಅವರು ಕೈಕಾಲು ತೊಳೆದು ಸೀರೆ ಬದಲಿಸಿ ಬರುವ ಹೊತ್ತಿಗೆ ಕೇಕ್ ಕಟ್ ಆಗಿರುತ್ತದೆ, ಮಕ್ಕಳ ಡ್ಯಾನ್ಸ್ ಮುಗಿದಿರುತ್ತದೆ, ಮುಂದಿನ ಕುರ್ಚಿ ತುಂಬಿರುತ್ತವೆ, ಪಲಾವ್ ಪಾತ್ರೆಯ ತಳ ಕಾಣುತ್ತಿರುತ್ತದೆ. ಅವರನ್ನು ಯಾರೂ ಬೇಕಂತ ಹೊರಗಿಟ್ಟಿಲ್ಲ. ಗಡಿಯಾರ ಹೊರಗಿಟ್ಟಿತು. ಕಾಯಿರಿ ಎಂದು ವಾಕ್ಯ ಹೇಳಿದರೆ, ಈ ಸಲ 8ಕ್ಕೆ ಶುರು ಮಾಡೋಣ. ಊಟಕ್ಕೆ ಮೊದಲು ಕೂಡುವವರು ಹೊಲದಿಂದ ಬಂದವರಾಗಿರಲಿ, ಬಡಿಸುವವರು ಯೌವನಸ್ಥರಾಗಿರಲಿ. ಲೂಕ 14:12-14ರಲ್ಲಿ ಯೇಸುಸ್ವಾಮಿ ಯಾರನ್ನು ಊಟಕ್ಕೆ ಕರೆಯಬೇಕೆಂದು ಹೇಳಿದನೋ, ಆ ಪಟ್ಟಿಯಲ್ಲಿ ತಿರುಗಿ ನಮ್ಮನ್ನು ಕರೆಯಬಲ್ಲವರು ಒಬ್ಬರೂ ಇಲ್ಲ.

ಎರಡನೆಯದು, ಕೊಡುವಾಗ ಮರ್ಯಾದೆ ತೆಗೆಯಬೇಡಿರಿ.

ಧರ್ಮೋಪದೇಶಕಾಂಡ 24:10-13 ತೆರೆಯಿರಿ. ಸಾಲಕ್ಕೆ ಒತ್ತೆ ತೆಗೆದುಕೊಳ್ಳುವವನು ಬಡವನ ಮನೆಯೊಳಗೆ ನುಗ್ಗಬಾರದು, ಹೊರಗೆ ನಿಲ್ಲಬೇಕು, ಅವನೇ ತಂದುಕೊಡಬೇಕು. ಒತ್ತೆ ಇಟ್ಟದ್ದು ಅವನ ಹೊದಿಕೆಯಾದರೆ ಹೊತ್ತು ಮುಳುಗುವ ಮೊದಲು ತಿರುಗಿ ಕೊಡಬೇಕು, ಅವನು ಅದರಲ್ಲೇ ಮಲಗಬೇಕಲ್ಲ! ನೋಡ್ರಿ, ದೇವರು ಬಡವನ ಹೊದಿಕೆಯ ಬಗ್ಗೆ ಕಾನೂನು ಬರೆದಿದ್ದಾನೆ. ಅವನ ಹೊಸ್ತಿಲಿನ ಬಗ್ಗೆಯೂ ಬರೆದಿದ್ದಾನೆ. ಮನೆ ಸಣ್ಣದಿರಬಹುದು, ಹೊಸ್ತಿಲು ಅವನದು.

ಈಗ ನಮ್ಮ ಫೋನ್ ಆ ಹೊಸ್ತಿಲು ದಾಟಿ ಒಳಗೆ ಹೋಗುತ್ತಿದೆ. ಒಬ್ಬ ವಯಸ್ಸಾದ ಅಮ್ಮ ನನಗೆ ಹೇಳಿದ ಮಾತು ಇದು. ಎಲ್ಲೋ ಒಂದು ಕಡೆ ಅವರಿಗೆ ಕಂಬಳಿ ಕೊಟ್ಟರಂತೆ, ಕೊಡುವಾಗ ಫೋಟೋ ತೆಗೆದರಂತೆ. ಆ ಫೋಟೋ ತಿರುಗಾಡಿ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುವ ಮಗನ ಫೋನಿಗೇ ಬಂತು. ಮಗ ಫೋನ್ ಮಾಡಿ, "ಯವ್ವಾ, ನಾನು ಸತ್ತೀನೇನು?" ಎಂದು ಅತ್ತನಂತೆ. ಆ ಅಮ್ಮ ಹೇಳಿದ್ದು, "ತಮ್ಮಾ, ಕಂಬಳಿ ಬೆಚ್ಚಗೈತಿ. ಆದ್ರ ಹೊದ್ಕೊಂಡಾಗೊಮ್ಮೆ ನನ್ನ ಮಗನ ಅಳು ಕೇಳ್ತೈತಿ."

ಯೌವನಸ್ಥರೇ, ಇದಕ್ಕೆ ವ್ಯಾಖ್ಯಾನ ಬೇಕಾ? ಮತ್ತಾಯ 6:1-4ರಲ್ಲಿ ದಾನದ ಮುಂದೆ ತುತೂರಿ ಊದಿಸುವವರ ಬಗ್ಗೆ ಯೇಸುಸ್ವಾಮಿ ಹೇಳಿದ್ದಾನೆ. ನಮ್ಮ ತುತೂರಿಗೆ ಈಗ ಕ್ಯಾಮೆರಾ ಇದೆ, ಸ್ಟೇಟಸ್ ಇದೆ, ರೀಲ್ಸ್ ಇದೆ. ದೊಡ್ಡವರೂ ನಗಬೇಡಿರಿ, ಫ್ಯಾನಿನ ರೆಕ್ಕೆಯ ಮೇಲೆ ಹೆಸರು ಬರೆಸುವ ಅಭ್ಯಾಸ ಯೌವನಸ್ಥರು ಕಲಿಸಿದ್ದಲ್ಲ! ಈ ಕ್ರಿಸ್‌ಮಸ್‌ಗೆ ತೆಗೆದುಕೊಳ್ಳುವವರ ಮುಖ ಇರುವ ಒಂದು ಫೋಟೋವೂ ನಮ್ಮ ಸಭೆಯ ಪೇಜಿನಲ್ಲಿ ಬರುವುದಿಲ್ಲ.

ಹಾಗಾದರೆ ಕೊಡುವುದು ಹೇಗೆ? ಅಪೊಸ್ತಲರ ಕೃತ್ಯಗಳು 9ರಲ್ಲಿ ಯೊಪ್ಪದ ದೊರ್ಕ ಎಂಬ ಸಹೋದರಿ ಇದ್ದಾಳೆ. ಅವಳು ಸತ್ತಾಗ ವಿಧವೆಯರು ಪೇತ್ರನ ಸುತ್ತ ನಿಂತು ಅವಳು ಹೊಲಿದುಕೊಟ್ಟ ಬಟ್ಟೆಗಳನ್ನು ತೋರಿಸಿ ಅತ್ತರು. ಕೊಟ್ಟವಳು ತೋರಿಸಲಿಲ್ಲ, ಪಡೆದವರು ತೋರಿಸಿದರು. ನಮ್ಮಲ್ಲೂ ದೊರ್ಕರು ಇದ್ದಾರೆ. ಹಳೆಯ ಸೀರೆ ಒಟ್ಟಿ ಕೌದಿ ಹೊಲಿಯುವ ಕೈ ನಮ್ಮ ಸಭೆಯಲ್ಲೇ ಎಷ್ಟಿವೆ! ಒಂದು ತೊಳೆಗೆ ನೂಲು ಬಿಡುವ ಕಂಬಳಿ ಬಂಡಲ್ ಗಟ್ಟಲೆ ತರುವ ಬದಲು, ಆ ತಾಯಂದಿರಿಗೆ ಸರಿಯಾದ ಕೂಲಿ ಕೊಟ್ಟು ಕೌದಿ ಹೊಲಿಸೋಣ. ಒಂದೇ ಹಣ ಎರಡು ಮನೆಗೆ ಹೋಗುತ್ತದೆ, ಒಂದು ಮನೆಗೆ ದುಡಿಮೆಯಾಗಿ, ಇನ್ನೊಂದು ಮನೆಗೆ ಹೊದಿಕೆಯಾಗಿ. ಕೊಡುವುದು ರಾತ್ರಿ ಇರಲಿ, ಪಕ್ಕದ ಮನೆಯವರ ಕೈಯಿಂದಲೇ ಇರಲಿ.

ಮೂರನೆಯದು, ಷರತ್ತು ಹಾಕಬೇಡಿರಿ.

ಇದನ್ನು ಗಂಭೀರವಾಗಿ ಕೇಳಿರಿ. 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಮತಾಂತರದ ಕಾಯ್ದೆಯಲ್ಲಿ ಆಮಿಷ ಎಂದರೆ ಏನು ಎಂದು ವಿವರಿಸುವಾಗ ಉಡುಗೊರೆಯನ್ನೂ ಸೇರಿಸಿದ್ದಾರೆ. ಅಂದಿನಿಂದ ಕೆಲವರು ನನ್ನನ್ನು ಕೇಳುತ್ತಾರೆ, "ಪಾಸ್ಟರ್, ಕೊಡುವುದೇ ಬೇಡ, ಸುಮ್ಮನೆ ತೊಂದರೆ ಯಾಕೆ?" ಇನ್ನು ಕೆಲವರು, "ಕೊಟ್ಟ ಮೇಲೆ ಸಭೆಗೆ ಬರಲಿಲ್ಲ ಅಂದ್ರ ಏನು ಉಪಯೋಗ?" ಎನ್ನುತ್ತಾರೆ. ಇಬ್ಬರಿಗೂ ವಾಕ್ಯದಲ್ಲಿ ಉತ್ತರ ಇದೆ.

ಲೂಕ 17ರಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ವಾಸಿಯಾದರು. ತಿರುಗಿ ಬಂದವನು ಒಬ್ಬನೇ, ಅವನೂ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸುಸ್ವಾಮಿ ಕೇಳಿದನು, ಆತನಿಗೆ ನೋವಾಯಿತು. ಆದರೆ ಆ ಒಂಬತ್ತು ಮಂದಿಗೆ ಕೊಟ್ಟ ಸ್ವಸ್ಥತೆಯನ್ನು ವಾಪಸ್ ತೆಗೆದುಕೊಂಡನಾ? ಇಲ್ಲ. ಕಂಬಳಿ ಕೊಟ್ಟು ಹಾಜರಿ ಕೇಳಿದರೆ ಅದು ವ್ಯಾಪಾರ. ಸುವಾರ್ತೆ ಮಾರಾಟಕ್ಕಿಲ್ಲ. ಕಾನೂನಿನ ಭಯಕ್ಕಾಗಿ ಈ ಮಾತು ಹೇಳುತ್ತಿಲ್ಲ. ಯಾವ ಕಾನೂನೂ ಇಲ್ಲದ ಕಾಲದಲ್ಲೂ ಇದು ಕರ್ತನ ರೀತಿ.

ಇನ್ನೊಂದು ಕಡೆ ನೋಡ್ರಿ, ಅಪೊಸ್ತಲರ ಕೃತ್ಯಗಳು 28. ಪೌಲನ ಹಡಗು ಒಡೆದು 276 ಮಂದಿ ಈಜಿ, ಹಲಗೆ ಹಿಡಿದು ಮೆಲಿತೆ ದ್ವೀಪ ಸೇರಿದರು. ಮಳೆ, ಚಳಿ. ಆ ದ್ವೀಪದವರು ಕ್ರಿಸ್ತನನ್ನು ಅರಿಯದವರು. ಅವರು ಬೆಂಕಿ ಹಾಕಿ ಎಲ್ಲರನ್ನೂ ಸೇರಿಸಿಕೊಂಡರು. ನಿಮ್ಮ ದೇವರು ಯಾರು ಎಂದು ಮೊದಲು ವಿಚಾರಿಸಲಿಲ್ಲ. ಪೌಲನೂ ಸುಮ್ಮನೆ ಕೂತು ಮೈ ಕಾಯಿಸಿಕೊಳ್ಳಲಿಲ್ಲ, ಕಟ್ಟಿಗೆ ಆಯ್ದು ತಂದು ಅವರ ಬೆಂಕಿಗೆ ಹಾಕಿದ. ಆಮೇಲೆ ಅವರ ರೋಗಿಗಳಿಗಾಗಿ ಪ್ರಾರ್ಥಿಸಿದ. ನಮ್ಮ ತಾಲೂಕಿನ ಮುದಗಲ್‌ನಲ್ಲಿ ಆದಿಲ್‌ಶಾಹಿಗಳ ಕಾಲದಿಂದ ಕ್ರೈಸ್ತರು ಇದ್ದಾರೆ, ಎಲ್ಲ ಧರ್ಮದವರ ಮಗ್ಗುಲಲ್ಲೇ ಬಾಳಿದ್ದಾರೆ. ನಮ್ಮ ಮನೆಯಲ್ಲಿ ಸಾವಾದಾಗ ಮೊದಲು ರೊಟ್ಟಿ ತಂದುಕೊಟ್ಟವರು ಯಾರು? ಓಣಿಯವರು. ಆ ಬೆಂಕಿಗೆ ನಮ್ಮ ಕಟ್ಟಿಗೆಯೂ ಬೀಳಲಿ. ಕೌದಿ ಕೊಡುವ ಪಟ್ಟಿಯಲ್ಲಿ ನಮ್ಮ ಸಭೆಯವರು ಮಾತ್ರ ಇರಬಾರದು. ಇತರರಿಗೆ ಕೊಡುವಾಗ ಕರಪತ್ರ ಇಡಬಾರದು, ಆಮಂತ್ರಣ ಇಡಬಾರದು. ಯಾರಾದರೂ ಬಂದು ನಮ್ಮ ನಿರೀಕ್ಷೆಗೆ ಕಾರಣ ಕೇಳಿದರೆ ಹೇಳೋಣ, ಸಂತೋಷದಿಂದ ಹೇಳೋಣ.

ಈಗ ಹಣದ ಮಾತು. 2 ಕೊರಿಂಥ 8ರಲ್ಲಿ ಮಕೆದೋನ್ಯದ ಸಭೆಗಳು ಕಡು ಬಡತನದಲ್ಲಿದ್ದೂ ನಮಗೂ ಪಾಲು ಕೊಡಿರಿ ಎಂದು ಬೇಡಿಕೊಂಡು ಕೊಟ್ಟವು. ಕೊರಿಂಥದವರು ವ್ಯಾಪಾರದ ಪಟ್ಟಣದವರು, ಒಂದು ವರ್ಷದ ಹಿಂದೆಯೇ ಹೆಸರು ಕೊಟ್ಟವರು, ಇನ್ನೂ ಮುಗಿಸಿರಲಿಲ್ಲ. ಗ್ರೂಪಿನಲ್ಲಿ "ನನ್ನದು 500" ಎಂದು ಹಾಕಿ ಆಮೇಲೆ ಮ್ಯೂಟ್ ಮಾಡಿದವರು ಕೊರಿಂಥದಲ್ಲೂ ಇದ್ದರು ಅಂತಾಯಿತು! ಪೌಲ ಅವರನ್ನು ಬೈಯಲಿಲ್ಲ, ಶುರು ಮಾಡಿದ್ದನ್ನು ಮುಗಿಸಿರಿ, ಇದ್ದುದರಲ್ಲಿ ಕೊಡಿರಿ, ಇಲ್ಲದ್ದನ್ನು ದೇವರು ಕೇಳುವುದಿಲ್ಲ ಎಂದ. ರೋಮಾಪುರದವರಿಗೆ 15:26 ಓದಿದರೆ ಗೊತ್ತಾಗುತ್ತದೆ, ಕೊರಿಂಥ ಇರುವ ಅಖಾಯದವರೂ ಕೊನೆಗೆ ಕೊಟ್ಟರು. ತಡವಾದವರಿಗೂ ನಿರೀಕ್ಷೆ ಇದೆ, ಸ್ತೋತ್ರ!

ಪೌಲನು ಲೆಕ್ಕದಲ್ಲೂ ಎಚ್ಚರದಿಂದಿದ್ದ. ಹಣ ಒಬ್ಬನೇ ಒಯ್ಯಲಿಲ್ಲ, ಸಭೆಗಳು ಆರಿಸಿದವರನ್ನು ಜೊತೆಗೆ ಕರೆದುಕೊಂಡ. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದ. ಆದ್ದರಿಂದ ಈ ಹಣ ನನ್ನ ಕೈಗೆ ಬೇಡ. ಸಭೆ ಮೂವರನ್ನು ಆರಿಸಲಿ, ಅದರಲ್ಲಿ ಒಬ್ಬರಾದರೂ ತಾಯಂದಿರು ಇರಲಿ. ಬಂದದ್ದೆಷ್ಟು, ಹೋದದ್ದೆಷ್ಟು, ಜನವರಿ ಮೊದಲ ಭಾನುವಾರ ಎಲ್ಲರ ಮುಂದೆ ಓದಲಿ. ಪಡೆದವರ ಹೆಸರು ಮಾತ್ರ ಓದುವುದು ಬೇಡ.

ಹಾಗಾದರೆ ಸ್ಟೇಜ್ ಬೇಡವಾ? ಬೇಕು. ಮಕ್ಕಳು ಹಾಡಲಿ, ಸ್ಟಾರ್ ಹೊಳೆಯಲಿ, ದೇವರ ಮನೆಯಲ್ಲಿ ಸಂತೋಷ ಇರಬೇಕು. ಆದರೆ ಮೊದಲು ಕೌದಿ, ಉಳಿದದ್ದರಲ್ಲಿ ಸ್ಟೇಜ್. ಚಳಿ ನಮಗಾಗಿ ಕಾಯುವುದಿಲ್ಲ, ಸೌಂಡ್ ಸಿಸ್ಟಮ್ ಮುಂದಿನ ವರ್ಷವೂ ಬಾಡಿಗೆಗೆ ಸಿಗುತ್ತದೆ.

ನಗರದಲ್ಲಿರುವ ತಮ್ಮ ತಂಗಿಯರೇ, ನಿಮಗೆ ಒಂದು ವಿಶೇಷ ಕೆಲಸ. ಊರಿಗೆ ಬಸ್ ಹತ್ತುವ ಮೊದಲು ನಿಮ್ಮ ಪಿಜಿ ಪಕ್ಕದಲ್ಲಿ ಕಟ್ಟುತ್ತಿರುವ ಬಿಲ್ಡಿಂಗಿನ ತಗಡಿನ ಶೆಡ್‌ಗೆ ಹೋಗಿ "ಯಾವೂರ್ರಿ?" ಎಂದು ಒಂದು ಮಾತು ಕೇಳಿರಿ. ಲಿಂಗಸುಗೂರು, ಮಸ್ಕಿ, ದೇವದುರ್ಗ ಎಂಬ ಹೆಸರು ಕೇಳಿಬರಬಹುದು. ಅವರ ಅಪ್ಪ ಅವ್ವನನ್ನು ನಾವು ಇಲ್ಲಿ ನೋಡಿಕೊಳ್ಳುತ್ತೇವೆ, ಅವರನ್ನು ನೀವು ಅಲ್ಲಿ ನೋಡಿರಿ.

2 ಕೊರಿಂಥ 8:9ಕ್ಕೆ ಬಂದು ನಿಲ್ಲಿಸುತ್ತೇನೆ. ಕಾಣಿಕೆಯ ಬಗ್ಗೆ ಬರೆಯುತ್ತಾ ಪೌಲ ನಡುವೆ ಕ್ರಿಸ್‌ಮಸ್ ಹೇಳಿಬಿಡುತ್ತಾನೆ: ಐಶ್ವರ್ಯವಂತನಾಗಿದ್ದ ನಮ್ಮ ಕರ್ತನು ನಮಗೋಸ್ಕರ ಬಡವನಾದನು. ಮೇಲೆ ನಿಂತು ಕೆಳಗೆ ಕೈ ಚಾಚಲಿಲ್ಲ. ಇಳಿದು ಬಂದನು. ಬಟ್ಟೆಯಲ್ಲಿ ಸುತ್ತಿಸಿಕೊಂಡು ಗೋದಲಿಯಲ್ಲಿ ಮಲಗಿದನು. ಹೊದಿಕೆ ಬೇಕಾದವನಾಗಿ ಬಂದ ದೇವರನ್ನು ನಾವು ಆರಾಧಿಸುತ್ತೇವೆ.

ಎಲ್ಲರೂ ಎದ್ದು ನಿಲ್ಲಿರಿ. ಕಣ್ಣು ಮುಚ್ಚಿ ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ಕೀಲಿ ಬಿದ್ದ ಮನೆಗಳನ್ನು ನೀನು ನೋಡುತ್ತೀ, ದೂರದ ಶೆಡ್ಡುಗಳಲ್ಲಿ ಮಲಗಿದವರನ್ನು ಕಾಯುತ್ತೀ. ನಮ್ಮ ಕೈಗಳನ್ನು ತೆರೆ, ನಮ್ಮ ಬಾಯಿಯ ಹೆಚ್ಚಳವನ್ನು ಮುಚ್ಚು. ತಡವಾಗಿ ಬರುವವರಿಗಾಗಿ ಕಾಯುವ ಮನಸ್ಸನ್ನು ಕೊಡು. ಈ ಚಳಿಯಲ್ಲಿ ಈ ಓಣಿಯ ಯಾವ ಅಜ್ಜಿಯೂ ನಡುಗುತ್ತಾ ಬೆಳಗು ಕಾಯದಂತೆ ನಮ್ಮನ್ನು ಉಪಯೋಗಿಸು. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.