ಆರಿಸಿ ಎಸೆದ ಕಾಳು ಎಲ್ಲಿಗೆ ಹೋಗುತ್ತದೆ?

ಹಾಲಿಗೆ ನೀರು ಬೆರೆಸುವವನನ್ನು ನಾವು ಬಾಯ್ತುಂಬ ಬಯ್ಯುತ್ತೇವೆ. ಅಕ್ಕಿಗೆ ಕಲ್ಲು, ಕರಿಮೆಣಸಿಗೆ ಪರಂಗಿಬೀಜ ಬೆರೆಸುವವನಿಗೆ ಶಿಕ್ಷೆಯಾಗಲೇಬೇಕು ಎನ್ನುತ್ತೇವೆ. ಸರಿಯಾದ ಮಾತೇ. ಅಲ್ಲಿ ಒಬ್ಬ ಅಪರಾಧಿಯಿದ್ದಾನೆ, ಅವನಿಗೊಂದು ದುರಾಸೆಯಿದೆ. ಆದರೆ ಯಾರೂ ಬೆರೆಸದೆ, ಯಾರೂ ಯಾರಿಗೂ ಕೇಡು ಬಯಸದೆ, ಆಹಾರ ತಾನಾಗಿಯೇ ವಿಷವಾದರೆ ಆ ಪಾಪ ಯಾರದು?

ಇದು ಕೇವಲ ತರ್ಕದ ಪ್ರಶ್ನೆಯಲ್ಲ. ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರವು ೨೦೧೮ರಲ್ಲಿ ದೇಶದ ಊರೂರುಗಳಿಂದ ಹಾಲಿನ ೬,೪೩೨ ಮಾದರಿಗಳನ್ನು ತರಿಸಿ ಪರೀಕ್ಷಿಸಿತು. ಯೂರಿಯಾ, ಮಾರ್ಜಕ ಮುಂತಾದ ಅಪಾಯಕಾರಿ ಕಲಬೆರಕೆ ಕಂಡುಬಂದದ್ದು ೧೨ ಮಾದರಿಗಳಲ್ಲಿ ಮಾತ್ರ. ಆದರೆ ಅಫ್ಲಾಟಾಕ್ಸಿನ್ ಎಂ-೧ ಎಂಬ ವಿಷ ೩೬೮ ಮಾದರಿಗಳಲ್ಲಿ ಮಿತಿಯನ್ನು ಮೀರಿತ್ತು. ಅಂದರೆ ಕೆಟ್ಟ ಮನುಷ್ಯನ ಕೈ ಮುಟ್ಟಿದ ಹಾಲಿಗಿಂತ, ಯಾರದೋ ಅಲಕ್ಷ್ಯ ಮುಟ್ಟಿದ ಹಾಲು ಮೂವತ್ತು ಪಟ್ಟು! ಇದನ್ನು ಓದಿ ಹಾಲು ಕುಡಿಯುವುದನ್ನೇ ಬಿಡಬೇಕೆಂದು ನಾವು ಹೇಳುತ್ತಿಲ್ಲ. ನಮ್ಮ ಕೋಪ ಯಾವ ಕಡೆಗೆ ತಿರುಗಿದೆ, ಕೇಡು ಯಾವ ಕಡೆಯಿಂದ ಬರುತ್ತಿದೆ ಎಂಬುದನ್ನಷ್ಟೇ ತೋರಿಸುತ್ತಿದ್ದೇವೆ.

ಈ ವಿಷದ ಹುಟ್ಟು ಬೂಷ್ಟಿನಲ್ಲಿ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಸಿರು-ಹಳದಿ ಬೂಷ್ಟು ಕಡಲೆಕಾಯಿ, ಮೆಕ್ಕೆಜೋಳ, ಹತ್ತಿಬೀಜಗಳ ಮೇಲೆ ಬೆಳೆದು ಅದನ್ನು ಸ್ರವಿಸುತ್ತದೆ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಬ್ರೆಜಿಲ್ಲಿನಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಈ ವಿಷ ಸಿಕ್ಕಿತು. ಇದು ಪಿತ್ತಜನಕಾಂಗಕ್ಕೆ ಕ್ಯಾನ್ಸರ್ ತರಬಲ್ಲುದೆಂಬುದು ಈಗ ನಿಸ್ಸಂಶಯ. ಹುರಿದರೂ ಬೇಯಿಸಿದರೂ ಪೂರ್ತಿಯಾಗಿ ನಾಶವಾಗುವುದಿಲ್ಲ. ಬೂಷ್ಟನ್ನು ಒರೆಸಿದರೆ ಕಾಣುವುದು ಹೋಗುತ್ತದೆ, ಕಾಣದ್ದು ಉಳಿಯುತ್ತದೆ.

ಇನ್ನು ಕಾಳಿನ ಪ್ರಯಾಣವನ್ನು ನೋಡೋಣ. ಚಳ್ಳಕೆರೆ, ಪಾವಗಡಗಳ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಬೆಳೆಯುವ ಕಡಲೆಕಾಯಿಗೆ, ಉತ್ತರ ಕರ್ನಾಟಕದವರು ಶೇಂಗಾ ಎನ್ನುವುದಕ್ಕೆ, ಕೊನೆಯ ಮಳೆ ಕೈಕೊಟ್ಟರೆ ಬೂಷ್ಟು ಮಣ್ಣಿನಲ್ಲಿಯೇ ಹತ್ತಿಕೊಳ್ಳಬಹುದು. ಕಿತ್ತ ಮೇಲೆ ಸರಿಯಾಗಿ ಒಣಗಿಸದಿದ್ದರೆ ಅದು ಚೀಲದೊಳಗೆ ಹೆಚ್ಚುತ್ತದೆ. ವ್ಯಾಪಾರದಲ್ಲಿ ಕಾಳನ್ನು ಆರಿಸುತ್ತಾರೆ. ದಪ್ಪ, ಹೊಳೆಯುವ ಕಾಳು ಒಂದು ಕಡೆ. ಸುಕ್ಕಿದ್ದು, ಬಣ್ಣಗೆಟ್ಟಿದ್ದು, ಮುಗ್ಗಿದ್ದು ಇನ್ನೊಂದು ಕಡೆ. ಯುರೋಪಿನ ದೇಶಗಳು ನೇರವಾಗಿ ತಿನ್ನುವ ಕಡಲೆಕಾಯಿಯಲ್ಲಿ ಕಿಲೋವಿಗೆ ೪ ಮೈಕ್ರೋಗ್ರಾಮಿಗಿಂತ ಹೆಚ್ಚು ಅಫ್ಲಾಟಾಕ್ಸಿನ್ ಒಪ್ಪುವುದಿಲ್ಲ. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಆದ್ದರಿಂದ ಒಳ್ಳೆಯ ಕಾಳು ಹಡಗು ಹತ್ತುತ್ತದೆ. ಉಳಿದದ್ದು?

ಉಳಿದದ್ದು ಎಣ್ಣೆ ಗಾಣಕ್ಕೆ ಹೋಗುತ್ತದೆ. ವಿಷದ ಬಹುಪಾಲು ಎಣ್ಣೆಗೆ ಇಳಿಯದೆ ಹಿಂಡಿಯಲ್ಲಿಯೇ ನಿಲ್ಲುತ್ತದೆ. ಹಿಂಡಿ ಹಸುವಿನ ಬಾನಿಗೆ ಬೀಳುತ್ತದೆ. ಹಸು ತಿಂದ ವಿಷದ ಒಂದು ಸಣ್ಣ ಅಂಶ ರೂಪ ಬದಲಿಸಿ, ಎಂ-೧ ಎಂಬ ಹೆಸರಿನಲ್ಲಿ, ಕೆಚ್ಚಲಿಗೆ ಬರುತ್ತದೆ. ಹಾಲನ್ನು ಕಾಯಿಸಿ, ಆರಿಸಿ, ತಾಯಿ ಮಗುವಿಗೆ ಕುಡಿಸುತ್ತಾಳೆ. ಆರಿಸಿ ಎಸೆದ ಕಾಳು ಹೀಗೆ ಮನೆಗೆ ಮರಳುತ್ತದೆ.

ಈ ಸರಪಳಿಯಲ್ಲಿ ಖಳನಾಯಕನಿಲ್ಲ. ಪ್ರತಿಯೊಬ್ಬನೂ ತನ್ನ ಪಾಲಿನ ಕೆಟ್ಟದ್ದನ್ನು ಮುಂದಿನವನಿಗೆ ದಾಟಿಸಿದ್ದಾನೆ, ಅಷ್ಟೆ. ಕಡತಗಳು ಮೇಜಿನಿಂದ ಮೇಜಿಗೆ ಹೋಗುವುದನ್ನು ದಿನವೂ ಕಾಣುವ ನಮ್ಮಂಥ ಗುಮಾಸ್ತರಿಗೆ ಇದು ಹೊಸ ನೋಟವಲ್ಲ. ಎಲ್ಲರ ಸಹಿಯೂ ಇರುತ್ತದೆ. ತಪ್ಪಾದಾಗ ಹೊಣೆ ಯಾರದೂ ಅಲ್ಲ. ‘ಮಾಡಿದವರ ಪಾಪ ಆಡಿದವರ ಬಾಯಲ್ಲಿ’ ಎಂಬ ಗಾದೆಯನ್ನು ಇಲ್ಲಿ ತುಸು ತಿದ್ದಬೇಕು: ಮಾಡಿದವರ ಪಾಪ ಉಂಡವರ ಹೊಟ್ಟೆಯಲ್ಲಿ.

‘ತಿಳಿಯದೆ ಆದದ್ದು ತಪ್ಪಲ್ಲ’ ಎನ್ನುವವರಿದ್ದಾರೆ. ಒಂದು ಕಾಲಕ್ಕೆ ಅದು ನಿಜವಿರಬಹುದು. ಅಪೌಷ್ಟಿಕತೆಯಿಂದ ನರಳುತ್ತಿದ್ದ ಮಕ್ಕಳಿಗೆ ಪುಷ್ಟಿಗೆಂದು ಕೊಟ್ಟ ಕಡಲೆಕಾಯಿ ಹಿಟ್ಟಿನಲ್ಲಿ ಅಫ್ಲಾಟಾಕ್ಸಿನ್ ಸೇರಿ, ಅವರ ಪಿತ್ತಜನಕಾಂಗ ಗಟ್ಟಿಗೊಂಡು ಕೆಟ್ಟ ಸಂಗತಿಯನ್ನು ಮೈಸೂರಿನ ವೈದ್ಯರು ಮತ್ತು ವಿಜ್ಞಾನಿಗಳು ೧೯೭೧ರಲ್ಲಿ ಪ್ರಕಟಿಸಿದರು. ಕೊಟ್ಟವರ ಮನಸ್ಸು ಶುದ್ಧವಾಗಿತ್ತು. ಆದರೆ ಮಗುವಿನ ಯಕೃತ್ತು ಕೊಟ್ಟವರ ಮನಸ್ಸನ್ನು ಕೇಳುವುದಿಲ್ಲ. ಸದುದ್ದೇಶ ನಮ್ಮನ್ನು ಪಾಪದಿಂದ ಕಾಯಬಹುದೇನೋ, ಇನ್ನೊಬ್ಬರನ್ನು ವಿಷದಿಂದ ಕಾಯಲಾರದು. ತಿಳಿದುಕೊಳ್ಳುವುದೂ ಧರ್ಮದ ಒಂದು ಭಾಗವೆಂಬುದನ್ನು ಒಪ್ಪಲೇಬೇಕಾಗುತ್ತದೆ.

ಹಾಗಾದರೆ ತಿಳಿದವರೆಲ್ಲರ ಹೊಣೆಯೂ ಒಂದೇ ಸಮವೆ? ಅಲ್ಲ. ೧೯೭೪ರ ಕೊನೆಯ ತಿಂಗಳುಗಳಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಇನ್ನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಜನಕ್ಕೆ ಕಾಮಾಲೆ ಬಂದು, ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಕಾರಣ ಹುಡುಕಿದರು: ಅಕಾಲದ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ. ಹಾಸಿಗೆ ಹಿಡಿದವರು ೩೯೭ ಮಂದಿ, ಸತ್ತವರು ೧೦೬. ಅವರ ಎಂಜಲು ತಿಂದ ನಾಯಿಗಳಿಗೂ ಅದೇ ರೋಗ. ಆ ಬಡ ಆದಿವಾಸಿಗಳಿಗೆ ಕಾಳು ಮುಗ್ಗಿದ್ದು ಕಾಣುತ್ತಿರಲಿಲ್ಲವೆ? ಕಂಡರೇನು, ಬೇರೆ ಕಾಳು ಮನೆಯಲ್ಲಿದ್ದರಲ್ಲವೆ? ಆಯ್ಕೆಯೇ ಇಲ್ಲದವನಿಗೆ ನೀತಿ ಬೋಧಿಸುವುದು ಕ್ರೌರ್ಯ. ಆದ್ದರಿಂದ ನಮಗೆ ತೋರುವ ಸೂತ್ರ ಇಷ್ಟು: ತಿಳಿವಳಿಕೆಯೂ ಆಯ್ಕೆಯೂ ಯಾರಿಗೆ ಹೆಚ್ಚೋ, ಹೊಣೆಯೂ ಅವರಿಗೇ ಹೆಚ್ಚು.

ರೈತನ ಪಾಡನ್ನೇ ನೋಡಿ. ಏನು ಮಾಡಬೇಕೆಂಬುದು ಕಷ್ಟದ ವಿದ್ಯೆಯೇನಲ್ಲ. ಬಳ್ಳಿ ಕಿತ್ತೊಡನೆ ಕಾಯಿ ಮೇಲಾಗಿ ಮಗುಚಿ ಒಣಗಿಸಬೇಕು, ಗುದ್ದಲಿ ತಾಗಿ ಒಡೆದ ಕಾಯನ್ನು ಬೇರೆ ಮಾಡಬೇಕು, ಸುಲಿಯಲು ಸುಲಭವೆಂದು ಕಾಯಿಗೆ ನೀರು ಚಿಮುಕಿಸಬಾರದು, ಚೀಲವನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಪೇರಿಸಬೇಕು. ಮೆಕ್ಕೆಜೋಳದ ತೇವ ನೂರಕ್ಕೆ ಹದಿಮೂರನ್ನು ಮೀರಬಾರದು, ಕಡಲೆಬೀಜದ್ದು ಏಳೆಂಟನ್ನು. ಆದರೆ ಚೆನ್ನಾಗಿ ಒಣಗಿಸಿದ ಕಾಳು ತೂಕದಲ್ಲಿ ಕಡಿಮೆ. ತೂಕಕ್ಕಷ್ಟೇ ಬೆಲೆ ಕಟ್ಟುವ ಪೇಟೆಯಲ್ಲಿ ಒಣಗಿಸಿದವನು ದಂಡ ತೆರುತ್ತಾನೆ, ಹಸಿ ಕಾಳು ತಂದವನು ಲಾಭ ಪಡೆಯುತ್ತಾನೆ. ಪ್ರಾಮಾಣಿಕತೆಗೆ ದಂಡ ಹಾಕುವ ತಕ್ಕಡಿಯನ್ನು ನಿಲ್ಲಿಸಿಕೊಂಡು ರೈತನಿಗೆ ಉಪದೇಶ ಮಾಡಿದರೆ ಫಲವೇನು? ತೇವ ಅಳೆದು, ಒಣಗಿದ್ದಕ್ಕೆ ಹೆಚ್ಚು ಬೆಲೆ ಕೊಡುವ ವ್ಯವಸ್ಥೆ ಕೊಳ್ಳುವವರ ಕಡೆಯಿಂದ ಬರಬೇಕು. ಕೊಳ್ಳುವವರ ಸಾಲಿನ ಕೊನೆಯಲ್ಲಿ ನಿಂತವರು ಪಟ್ಟಣಿಗರಾದ ನಾವೇ.

ನಮ್ಮ ನಗರಗಳಲ್ಲಿ ಒಂದು ರೂಢಿಯಿದೆ. ಡಬ್ಬಿಯಲ್ಲಿ ಮುಗ್ಗಿದ ಕಾಳನ್ನು ಮನೆಗೆಲಸದಾಕೆಗೆ ಕೊಡುವುದು. ಬೂಷ್ಟು ಬಂದ ರೊಟ್ಟಿಯನ್ನು ಬೀದಿಯ ಹಸುವಿಗಿಟ್ಟು ಕೈಮುಗಿಯುವುದು. ಹಿರಿಯರು ಹೇಳಿದ ಗೋಗ್ರಾಸ ಇದಲ್ಲ. ಅದು ಉಣ್ಣುವ ಮುನ್ನ ತೆಗೆದಿಟ್ಟ ಮೊದಲ ತುತ್ತು. ತಿನ್ನಲಾರದೆ ಬಿಟ್ಟ ಕೊನೆಯ ತುತ್ತಲ್ಲ. ನಮಗೆ ಬೇಡವಾದದ್ದನ್ನು ಬಾಯಿಲ್ಲದವರಿಗೆ ಕೊಟ್ಟರೆ ಅದಕ್ಕೆ ದಾನವೆಂಬ ಹೆಸರು ಸಲ್ಲದು. ಬೀದಿಯ ತೊಟ್ಟಿಗೆ ಸುರಿದರೆ ಅಲ್ಲಿಯೂ ದನ ಬಾಯಿ ಹಾಕುತ್ತದೆ. ಮಣ್ಣಿನಲ್ಲಿ ಹೂಳುವುದು ಮೇಲು. ಆಗದಿದ್ದರೆ ಗಂಟು ಕಟ್ಟಿ ಕಸದ ಗಾಡಿಗೇ ಹಾಕುವುದು.

ಆಶೆಗೂ ಕಾರಣವಿದೆ. ಕೆಟ್ಟ ಹಿಂಡಿಯನ್ನು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹಸುವಿನ ಹಾಲಿನಿಂದ ಆ ವಿಷ ಮರೆಯಾಗುತ್ತದೆ. ಪ್ರಕೃತಿ ಅಷ್ಟು ಬೇಗ ನಮ್ಮನ್ನು ಕ್ಷಮಿಸಲು ಸಿದ್ಧವಾಗಿದೆ. ಸರಪಳಿಯ ಒಂದು ಕೊಂಡಿಯಲ್ಲಿ ಯಾರಾದರೊಬ್ಬರು ‘ಇದನ್ನು ನಾನು ಮುಂದಕ್ಕೆ ಕಳಿಸುವುದಿಲ್ಲ’ ಎಂದರೆ ಸಾಕು. ಆ ಒಬ್ಬರು ಯಾರಾಗಬೇಕು ಎಂಬುದನ್ನು ಮೊರ ಹಿಡಿದಾಗಲೆಲ್ಲ ನಮ್ಮನ್ನೇ ನಾವು ಕೇಳಿಕೊಳ್ಳೋಣ.